ನೆಟ್ ಇಲ್ಲ ಅಂದ್ರೆ ಏನಿಲ್ಲ?

ಅಕ್ಕನ ಮಗಳು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ ಓದುತ್ತಿದ್ದಾಳೆ. ಹೋದ ತಿಂಗಳು ಒಂದು ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದವಳೇ ನನಗೆ ಫೋನ್ ಮಾಡಿದಳು. ಧ್ವನಿ ಸಪ್ಪಗಿತ್ತು. ‘ಮಾಮ, ಓಎಸ್‌ಐ ಮಾಡೆಲ್‌ನ ಏಳೂ ಲೇಯರ್ ಹೇಳಿದೆ. ಟಿಸಿಪಿಗೂ ಯುಡಿಪಿಗೂ ಏನು ವ್ಯತ್ಯಾಸ ಅಂತ ಹೇಳಿದೆ. ಸಬ್‌ನೆಟ್ ಲೆಕ್ಕ ಕೊಟ್ಟರು, ಅದನ್ನೂ ಮಾಡಿದೆ. ಆಮೇಲೆ ಒಂದು ಸಣ್ಣ ಪ್ರಶ್ನೆ ಕೇಳಿದ್ರು ನೋಡು, ಅಲ್ಲಿ ನಿಂತುಬಿಟ್ಟೆ’ ಅಂದಳು. ಪ್ರಶ್ನೆ ಇಷ್ಟೇ: ಯಾರೋ ಬಂದು ‘ನೆಟ್ ಇಲ್ಲ’ ಅಂತಾರೆ, ನೀವು ಮೊದಲು ಏನು ಕೇಳ್ತೀರಿ? ಇವಳು ‘ರೂಟರ್ ರೀಸ್ಟಾರ್ಟ್ ಮಾಡ್ತೀನಿ’ ಅಂದಳಂತೆ. ‘ಏನು ಮಾಡ್ತೀರಿ ಅಂತ ಕೇಳಲಿಲ್ಲಮ್ಮ, ಏನು ಕೇಳ್ತೀರಿ ಅಂದೆ’ ಅಂದರಂತೆ ಅವರು.

ಫೋನ್ ಇಟ್ಟ ಮೇಲೂ ಆ ಪ್ರಶ್ನೆ ತಲೆ ಬಿಟ್ಟು ಹೋಗಲಿಲ್ಲ. ನೆಟ್‌ವರ್ಕ್ ಕೆಲಸಕ್ಕೆ ಸೇರಿ ನನಗೆ ಹದಿನಾಲ್ಕು ವರ್ಷವಾಯಿತು. ‘ನೆಟ್ ಇಲ್ಲ’ ಎಂಬ ಮಾತು ಕಿವಿಗೆ ಬೀಳದ ದಿನವಿಲ್ಲ. ಎರಡೇ ಪದ. ಆದರೆ ಅದರೊಳಗೆ ಎಷ್ಟೊಂದು ಬೇರೆ ಬೇರೆ ‘ಇಲ್ಲ’ಗಳು ಅಡಗಿವೆ! ಕೇಬಲ್ ಕಿತ್ತುಬಂದಿರಬಹುದು. ಕಂಪ್ಯೂಟರಿಗೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸವೇ ಸಿಕ್ಕಿಲ್ಲದಿರಬಹುದು. ವಿಳಾಸ ಸಿಕ್ಕಿದ್ದು, ವೆಬ್‌ಸೈಟಿನ ಹೆಸರು ಮಾತ್ರ ಪತ್ತೆಯಾಗದಿರಬಹುದು. ಹೋಗುವ ದಾರಿ ಇದ್ದು ಬರುವ ದಾರಿ ಇಲ್ಲದಿರಬಹುದು. ಆ ಕಡೆಯ ಕಂಪ್ಯೂಟರ್ ಎದ್ದು ಕೂತಿದ್ದರೂ ಬೇಕಂತಲೇ ಮಾತಾಡದಿರಬಹುದು. ಇದು ಯಾವ ‘ಇಲ್ಲ’ ಅಂತ ಬಿಡಿಸಿ ಹೇಳುವವರಿಗೆ ಈ ಕೆಲಸದಲ್ಲಿ ಬೆಲೆ. ಕಾಲೇಜಿನಲ್ಲಿ ಇದು ಯಾವ ಯೂನಿಟ್‌ನಲ್ಲೂ ಇರಲಿಲ್ಲ. ನನಗೆ ಇದು ಸಿಕ್ಕಿದ್ದು ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ. ಆ ಮಧ್ಯಾಹ್ನದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಬಲಗಡೆಯ ಅರ್ಧ

ಅದಕ್ಕೂ ಮುಂಚೆ ನಮ್ಮ ನೋಟ್ಸಿನಲ್ಲಿದ್ದ ಒಂದು ಚಿತ್ರ. ಓದಿದವರೆಲ್ಲರೂ ಅದನ್ನು ಬರೆದಿರುತ್ತಾರೆ. ಎಡಕ್ಕೊಂದು ಉದ್ದ ಗೆರೆ, ಕೇಳುವ ಕಂಪ್ಯೂಟರ್, ಅಂದರೆ ಕ್ಲೈಂಟ್. ಬಲಕ್ಕೊಂದು ಉದ್ದ ಗೆರೆ, ಉತ್ತರ ಕೊಡುವ ಕಂಪ್ಯೂಟರ್, ಅಂದರೆ ಸರ್ವರ್. ನಡುವೆ ಓರೆಯಾಗಿ ಮೂರು ಬಾಣ. ಮಾತಾಡೋಣವಾ ಅಂತ ಸಿನ್ ಹೋಗುತ್ತದೆ, ಸರಿ ಅಂತ ಸಿನ್-ಆಕ್ ಬರುತ್ತದೆ, ಆಯ್ತು ಅಂತ ಆಕ್ ಹೋಗುತ್ತದೆ. ಕಳಿಸಿದ್ದು ಮುಟ್ಟಿತಾ ಅಂತ ನೋಡಿಕೊಳ್ಳುವ ಟಿಸಿಪಿ ಎಂಬ ಪದ್ಧತಿಯಲ್ಲಿ ಸಂಪರ್ಕ ಶುರುವಾಯಿತು. ಪರೀಕ್ಷೆಯಲ್ಲಿ ಸ್ಕೇಲ್ ಇಟ್ಟು ಎಳೆದರೆ ಪೂರ್ತಿ ಮಾರ್ಕ್ಸ್.

ಆ ಚಿತ್ರದಲ್ಲಿ ಎಲ್ಲ ಬಾಣಗಳೂ ಮುಟ್ಟುತ್ತವೆ. ಒಂದು ಕಳಿಸಿ ಉತ್ತರಕ್ಕೆ ಕಾಯುವ ‘ಸ್ಟಾಪ್ ಅಂಡ್ ವೇಟ್’ ಪಾಠದಲ್ಲಿ ಮಾತ್ರ ಒಂದು ಬಾಣ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಅದರ ತುದಿಗೆ ಒಂದು ಇಂಟು ಮಾರ್ಕು. ಕಳಿಸಿದ ಮಾಹಿತಿಯ ತುಣುಕು, ಅಂದರೆ ಫ್ರೇಮ್, ಕಳೆದುಹೋಯಿತು ಅಂತ ಅರ್ಥ. ಈಗ ಯೋಚಿಸಿದರೆ ಆ ಇಂಟು ಮಾರ್ಕೇ ನಮ್ಮನ್ನು ದಾರಿ ತಪ್ಪಿಸಿತು ಅನ್ನಿಸುತ್ತದೆ. ಯಾಕೆಂದರೆ ಚಿತ್ರವನ್ನು ನಾವು ಮೇಲಿನಿಂದ ನೋಡುತ್ತಿದ್ದೆವು. ಎರಡೂ ಗೆರೆ ಕಾಣುತ್ತಿತ್ತು, ನಡುವಿನ ಜಾಗವೂ ಕಾಣುತ್ತಿತ್ತು. ಕಳಿಸಿದ ಕಂಪ್ಯೂಟರಿಗೆ ಆ ಇಂಟು ಮಾರ್ಕ್ ಎಲ್ಲಿ ಕಾಣುತ್ತದೆ? ಅದು ಕಳಿಸಿತು. ಕಾಯಿತು. ಏನೂ ಬರಲಿಲ್ಲ. ಕಳಿಸಿದ್ದು ಹೋಗುವಾಗ ಕಳೆಯಿತೋ, ಮುಟ್ಟಿ ಉತ್ತರ ಬರುವಾಗ ಕಳೆಯಿತೋ, ಅಥವಾ ಇನ್ನೂ ದಾರಿಯಲ್ಲೇ ಇದೆಯೋ, ಮೂರೂ ಅದಕ್ಕೆ ಒಂದೇ ಥರ. ಬರೀ ಮೌನ.

ನೀವು ಈಗ ಈ ಪಾಠ ಓದುತ್ತಿದ್ದರೆ ಒಂದು ಸಲ ಆ ಚಿತ್ರದ ಬಲ ಅರ್ಧವನ್ನು ಕೈಯಿಂದ ಮುಚ್ಚಿ ನೋಡಿ. ಎಡಗಡೆಯ ಗೆರೆ ಮಾತ್ರ ಕಾಣಬೇಕು. ಕೆಲಸಕ್ಕೆ ಸೇರಿದ ಮೇಲೆ ನಿಮಗೆ ಕಾಣುವುದು ಅಷ್ಟೇ.

ಮಿನುಗುತ್ತಿದ್ದ ಕರ್ಸರ್

ಐದನೇ ಸೆಮಿಸ್ಟರಿನಲ್ಲಿ ಸಾಕೆಟ್ ಪ್ರೋಗ್ರಾಮಿಂಗ್ ಲ್ಯಾಬ್ ಇತ್ತು. ಸಿ ಭಾಷೆಯಲ್ಲಿ ಒಂದು ಸರ್ವರ್, ಒಂದು ಕ್ಲೈಂಟ್ ಬರೆಯಬೇಕು. ಸರ್ವರನ್ನು ಒಂದು ಕಂಪ್ಯೂಟರಿನಲ್ಲಿ ಓಡಿಸಿ, ಕ್ಲೈಂಟನ್ನು ಇನ್ನೊಂದರಿಂದ ಕೂಡಿಸಬೇಕು. ನಾನೂ ನನ್ನ ಬ್ಯಾಚಿನ ಗೆಳೆಯನೂ ಪಕ್ಕಪಕ್ಕ ಕೂತಿದ್ದೆವು. ಸರ್ವರ್ ಕಾಯುವ ಬಾಗಿಲಿನ ಸಂಖ್ಯೆಯಂಥ ಪೋರ್ಟ್ ಅಂತ ಇಬ್ಬರೂ 5000 ಇಟ್ಟುಕೊಂಡಿದ್ದೆವು. ಇಬ್ಬರ ಸರ್ವರ್ ಬೇರೆ ಬೇರೆ ಕಂಪ್ಯೂಟರಿನಲ್ಲಿ, ಹಿಂದಿನ ಸಾಲಿನಲ್ಲಿ.

ನಾನು ಎಂಟರ್ ಒತ್ತಿದೆ. ಬೆರಳು ತೆಗೆಯುವುದರೊಳಗೆ ತೆರೆಯ ಮೇಲೆ ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂತು. ಮತ್ತೆ ಒತ್ತಿದೆ. ಮತ್ತೆ ಅದೇ. ಗೆಳೆಯ ಒತ್ತಿದ. ಅವನಿಗೆ ಏನೂ ಬರಲಿಲ್ಲ. ಕರ್ಸರ್ ಮಾತ್ರ ಮಿನುಗುತ್ತಿತ್ತು. ಅವನ ಮುಖದಲ್ಲಿ ಸಮಾಧಾನ. ‘ನಂದು ಕನೆಕ್ಟ್ ಆಗ್ತಾ ಇದೆ, ಸ್ವಲ್ಪ ಸ್ಲೋ ಅಷ್ಟೇ’ ಅಂದ. ನನಗೂ ಹಾಗೇ ಅನ್ನಿಸಿತು. ನನ್ನದರಲ್ಲಿ ತಪ್ಪಿದೆ, ಅವನದರಲ್ಲಿ ಇಲ್ಲ. ಎರಡು ನಿಮಿಷ ದಾಟಿದ ಮೇಲೆ ಅವನ ತೆರೆಯಲ್ಲೂ ಒಂದು ಸಾಲು ಬಿತ್ತು: ‘ಕನೆಕ್ಷನ್ ಟೈಮ್ಡ್ ಔಟ್’.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಸರ್ ಆಗಲೇ ನಮ್ಮ ಹಿಂದೆ ಬಂದು ನಿಂತಿದ್ದರು. ಅವರು ಪಾಠ ಮಾಡುವವರಲ್ಲ. ಕಂಪ್ಯೂಟರ್, ಸ್ವಿಚ್ಚು, ಕೇಬಲ್ ಎಲ್ಲ ಸರಿಯಾಗಿಡುವುದು ಅವರ ಕೆಲಸ. ‘ಇಬ್ಬರಲ್ಲಿ ಯಾರಿಗೆ ಉತ್ತರ ಬಂತು?’ ಅಂತ ಕೇಳಿದರು. ಯಾರಿಗೂ ಬಂದಿಲ್ಲ ಸರ್ ಅಂದೆವು. ಅವರು ನನ್ನ ತೆರೆ ಮುಟ್ಟಿ, ‘ಇವನಿಗೆ ಬಂದಿದೆಯಲ್ಲಪ್ಪ. ಬೇಡ ಅಂತ ಬಂದಿದೆ. ಬೇಡ ಅನ್ನೋಕೂ ಆ ಕಡೆ ಒಬ್ಬರು ಇರಬೇಕು ತಾನೆ?’ ಅಂದರು.

ಅಲ್ಲಿಂದ ಒಂದೊಂದೇ ಬಿಡಿಸಿದರು. ನನ್ನ ಸಿನ್ ಕೇಬಲಿನಲ್ಲಿ ಹೋಗಿದೆ. ಲ್ಯಾಬಿನ ಕಂಪ್ಯೂಟರುಗಳನ್ನು ಕೂಡಿಸುವ ಸ್ವಿಚ್ ದಾಟಿದೆ. ಸರಿಯಾದ ಕಂಪ್ಯೂಟರನ್ನೇ ಮುಟ್ಟಿದೆ. ಅಲ್ಲಿನ ಆಪರೇಟಿಂಗ್ ಸಿಸ್ಟಮ್ ಅದನ್ನು ಓದಿ, 5000ದಲ್ಲಿ ಯಾರೂ ಕೂತಿಲ್ಲ ಅಂತ ನೋಡಿ, ಬೇಡ ಅನ್ನುವ ರೀಸೆಟ್ ಕಳಿಸಿದೆ. ಆ ರೀಸೆಟ್ ಅಷ್ಟೂ ದಾರಿ ವಾಪಸ್ ನಡೆದು ನನ್ನ ಹತ್ತಿರ ಬಂದಿದೆ. ಅಂದರೆ ಕೇಬಲ್ ಸರಿ, ವಿಳಾಸ ಸರಿ, ಹೋಗುವ ದಾರಿ ಸರಿ, ಬರುವ ದಾರಿಯೂ ಸರಿ. ಉಳಿದದ್ದು ಒಂದೇ: ಸರ್ವರ್ ಪ್ರೋಗ್ರಾಮ್ ಓಡುತ್ತಿಲ್ಲ. ಹಿಂದಿನ ಸಾಲಿಗೆ ಹೋಗಿ ನೋಡಿದೆ. ಹೌದು, ಶುರುವಾದ ಕೂಡಲೇ ನಿಂತುಹೋಗಿತ್ತು. ಒಂದೇ ಸಾಲಿನ ‘ಬೇಡ’ ನನಗೆ ಅಷ್ಟೆಲ್ಲ ಹೇಳಿತ್ತು, ನಾನು ಅದನ್ನು ಬರೀ ಎರರ್ ಅಂತ ಓದಿದ್ದೆ.

ಗೆಳೆಯನದ್ದು ಇದಕ್ಕೆ ತದ್ವಿರುದ್ಧ. ಅವನ ಸರ್ವರ್ ಓಡುತ್ತಿತ್ತು. ಆದರೆ ಆ ಕಂಪ್ಯೂಟರಿನಲ್ಲಿ, ಹೊರಗಿನಿಂದ ಬರುವುದನ್ನು ತಡೆಯುವ ಫೈರ್‌ವಾಲ್ ಆನ್ ಆಗಿತ್ತು. ಬಂದ ಸಿನ್‌ಗಳನ್ನೆಲ್ಲ ಅದು ಸದ್ದಿಲ್ಲದೆ ಬಿಸಾಕುತ್ತಿತ್ತು. ಫೈರ್‌ವಾಲಿಗೆ ಎರಡು ಥರ ಹೇಳಿಕೊಡಬಹುದು: ಬೇಡ ಅಂತ ಹೇಳಿ ಕಳಿಸು, ಅಥವಾ ಏನೂ ಹೇಳದೆ ಸುಮ್ನಿರು. ಸುಮ್ಮನಿರುವುದನ್ನು ಜಾಸ್ತಿ ಜನ ಆರಿಸಿಕೊಳ್ಳುತ್ತಾರೆ. ಹೊರಗಿನವರಿಗೆ ಒಳಗೆ ಏನಿದೆ ಅಂತ ಸುಲಭಕ್ಕೆ ತಿಳಿಯಬಾರದು ಅಂತ. ಹಾಗಾಗಿ ಉತ್ತರ ಬರದಿದ್ದರೆ ಅಲ್ಲಿ ಯಾರೂ ಇಲ್ಲ ಅಂತ ತೀರ್ಮಾನ ಮಾಡುವ ಹಾಗಿಲ್ಲ. ನಮ್ಮಿಬ್ಬರಲ್ಲಿ ಸರ್ವರ್ ಇಲ್ಲದವನಿಗೆ ಉತ್ತರ ಬಂದಿತ್ತು, ಇದ್ದವನಿಗೆ ಬಂದಿರಲಿಲ್ಲ.

ಸರ್ ಹೇಳಿದ್ದರಲ್ಲಿ ಒಂದು ತಿದ್ದುಪಡಿಯನ್ನು ಈಗ ನಾನೇ ಸೇರಿಸಬೇಕು. ನಡುವೆ ಇರುವ ಫೈರ್‌ವಾಲ್ ಕೂಡ ಆ ಕಡೆಯವರ ಹೆಸರಿನಲ್ಲಿ ರೀಸೆಟ್ ಕಳಿಸಬಲ್ಲದು. ದೊಡ್ಡ ನೆಟ್‌ವರ್ಕಿನಲ್ಲಿ ‘ಬೇಡ’ ಅಂದದ್ದು ಯಾರು ಅಂತಲೂ ಕೇಳಬೇಕಾಗುತ್ತದೆ. ಎರಡು ಸಣ್ಣ ಕಂಪ್ಯೂಟರಿನ ನಡುವೆ ಬರೀ ಒಂದು ಸ್ವಿಚ್ ಇದ್ದ ನಮ್ಮ ಲ್ಯಾಬಿನಲ್ಲಿ ಆ ಅನುಮಾನಕ್ಕೆ ಜಾಗವಿರಲಿಲ್ಲ. ಕಲಿಯಲು ಸಣ್ಣ ನೆಟ್‌ವರ್ಕೇ ಒಳ್ಳೆಯದು ಅನ್ನುವುದು ಇದಕ್ಕೇ.

ಬೇರೆ ಬೇರೆ ‘ಇಲ್ಲ’ಗಳು

ಆ ದಿನದ ನಂತರ ಪ್ರತಿ ಎರರ್ ಸಾಲನ್ನೂ ‘ಇದನ್ನು ಹೇಳುತ್ತಿರುವವರು ಯಾರು?’ ಅಂತ ಕೇಳಿಕೊಂಡು ಓದಲು ಶುರು ಮಾಡಿದೆ. ಆ ಕಡೆಯ ಕಂಪ್ಯೂಟರ್ ಓಗೊಡುತ್ತಾ ಅಂತ ನೋಡುವ ಪಿಂಗ್ ಕಮಾಂಡ್ ಕೊಟ್ಟಾಗ ಬರುವ ಸಾಲುಗಳನ್ನೇ ತೆಗೆದುಕೊಳ್ಳಿ. ಪಿಂಗನ್ನು ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಬರೆದದ್ದು. ಅವರ ನೆಟ್‌ವರ್ಕ್ ವಿಚಿತ್ರವಾಗಿ ಆಡುತ್ತಿತ್ತು, ಅದನ್ನು ಹಿಡಿಯಲು ಒಂದೇ ಸಂಜೆಯಲ್ಲಿ ಬರೆದರು. ನೀರಿನೊಳಗೆ ಸದ್ದು ಬಿಟ್ಟು ಪ್ರತಿಧ್ವನಿಗೆ ಕಿವಿಗೊಡುವ ಸೋನಾರ್‌ನಿಂದ ಆ ಹೆಸರು ಬಂತು. ವಿಂಡೋಸ್‌ನಲ್ಲಿ ನಮ್ಮದೇ ನೆಟ್‌ವರ್ಕಿನ, ಆಫ್ ಆಗಿರುವ ಒಂದು ಕಂಪ್ಯೂಟರಿಗೆ ಪಿಂಗ್ ಕೊಟ್ಟು ನೋಡಿ. ‘ರಿಪ್ಲೈ ಫ್ರಮ್’ ಅಂತಲೇ ಸಾಲು ಶುರುವಾಗುತ್ತದೆ. ಮುಂದೆ ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’. ರಿಪ್ಲೈ ಯಾರಿಂದ ಅಂತ ವಿಳಾಸ ನೋಡಿದರೆ ಅದು ನಮ್ಮದೇ ಕಂಪ್ಯೂಟರಿನದು! ‘ಈ ಐಪಿ ಯಾರದ್ದು’ ಅಂತ ಎಆರ್‌ಪಿ ಮೂಲಕ ಕೂಗಿ, ಯಾರೂ ಓಗೊಡದೆ, ನಮ್ಮ ಕಂಪ್ಯೂಟರೇ ನಮಗೆ ಸಿಗಲಿಲ್ಲ ಅಂತ ಹೇಳುತ್ತಿದೆ. ಕೊನೆಯಲ್ಲಿ ಲೆಕ್ಕ ಹಾಕುವಾಗ ಅದನ್ನೂ ಬಂದ ಉತ್ತರವಾಗಿ ಎಣಿಸಿ, ನಷ್ಟ 0% ಅಂತ ತೋರಿಸುತ್ತದೆ. ಬರೀ ಕೊನೆಯ ಸಾಲು ನೋಡಿ ‘ಪಿಂಗ್ ಆಗ್ತಿದೆ, ನೆಟ್‌ವರ್ಕ್ ಸರಿ ಇದೆ’ ಅಂತ ಟಿಕೆಟ್, ಅಂದರೆ ದೂರಿನ ದಾಖಲೆ, ಮುಚ್ಚಿದವರನ್ನು ನಾನು ಕಂಡಿದ್ದೇನೆ. ವಿಳಾಸ ಓದಿದ್ದರೆ ಸಾಕಿತ್ತು.

ಹೋಗುವ ದಾರಿಯನ್ನು ತೋರಿಸುವ ಟ್ರೇಸ್‌ರೂಟ್ ಕಮಾಂಡಿನ ನಕ್ಷತ್ರಗಳದ್ದು ಇನ್ನೊಂದು ಕತೆ. ಕಳಿಸುವ ಮಾಹಿತಿಯ ಪ್ರತಿ ತುಣುಕಿಗೂ, ಅಂದರೆ ಐಪಿ ಪ್ಯಾಕೆಟಿಗೂ, ಟಿಟಿಎಲ್ ಅಂತ ಒಂದು ಎಣಿಕೆ ಇರುತ್ತದೆ. ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆಯಾಗುತ್ತದೆ. ಸೊನ್ನೆಯಾದರೆ ಆ ರೂಟರ್ ಪ್ಯಾಕೆಟನ್ನು ಎಸೆದು, ಎಸೆದೆ ಅಂತ ಹೇಳಿ ಕಳಿಸುತ್ತದೆ. ಟ್ರೇಸ್‌ರೂಟ್ ಬೇಕಂತಲೇ ಟಿಟಿಎಲ್ 1, 2, 3 ಅಂತ ಇಟ್ಟು ಕಳಿಸಿ, ಯಾರು ಯಾರು ಎಸೆದೆ ಅಂತಾರೆ ನೋಡಿ, ದಾರಿಯ ಪಟ್ಟಿ ಮಾಡುತ್ತದೆ. ಸಾವಿನ ಸುದ್ದಿಗಳಿಂದಲೇ ದಾರಿ ಬರೆಯುವ ಈ ಉಪಾಯ ನನಗೆ ಮೊದಲ ಸಲ ಅರ್ಥವಾದಾಗ ಮೈ ಜುಮ್ಮೆಂದಿತ್ತು. ನಡುವೆ ಒಂದು ಸಾಲಿನಲ್ಲಿ ಉತ್ತರ ಬರಲಿಲ್ಲ ಅನ್ನುವ ಗುರುತಾಗಿ ಮೂರು ನಕ್ಷತ್ರ ಬಂದರೆ ಹೊಸಬರು ‘ಇಲ್ಲೇ ತುಂಡಾಗಿದೆ’ ಅನ್ನುತ್ತಾರೆ. ಅದರ ಮುಂದಿನ ಸಾಲಿನಲ್ಲಿ ಉತ್ತರ ಬಂದಿದ್ದರೆ ತುಂಡಾಗಿಲ್ಲ. ಆ ರೂಟರ್ ನಮ್ಮ ಪ್ಯಾಕೆಟನ್ನು ಮುಂದೆ ಕಳಿಸಿದೆ, ನಮಗೆ ಉತ್ತರ ಕೊಡಲಿಲ್ಲ ಅಷ್ಟೇ.

ಹೆಸರು ಹುಡುಕುವ ಡಿಎನ್‌ಎಸ್‌ನಲ್ಲೂ ಎರಡು ‘ಇಲ್ಲ’ಗಳಿವೆ. ಎರಡಕ್ಕೂ ಬ್ರೌಸರ್ ಹೆಚ್ಚುಕಡಿಮೆ ಒಂದೇ ಥರದ ಪುಟ ತೋರಿಸುತ್ತದೆ. ಒಂದು, ‘ಅಂಥ ಹೆಸರೇ ಇಲ್ಲ’. ಇನ್ನೊಂದು, ‘ಹೆಸರಿದೆಯೋ ಇಲ್ಲವೋ ನನಗೆ ಕೇಳಿ ತಿಳಿಯಲು ಆಗಲಿಲ್ಲ’. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಸುಮಾರು ಆರು ಗಂಟೆ ನಿಂತುಹೋಗಿದ್ದು ಎಲ್ಲರಿಗೂ ನೆನಪಿದೆ. ಅವತ್ತು ಆದದ್ದು ಎರಡನೆಯದು. ನಿರ್ವಹಣೆಯ ಹೊತ್ತಿನಲ್ಲಿ ಕೊಟ್ಟ ಒಂದು ಕಮಾಂಡಿನಿಂದ ಅವರ ಡೇಟಾ ಸೆಂಟರುಗಳ ನಡುವಿನ ಮುಖ್ಯ ಜಾಲ ಕಡಿದುಹೋಯಿತು. ಡೇಟಾ ಸೆಂಟರ್ ಸಿಗುತ್ತಿಲ್ಲ ಅಂತ ಕಂಡ ಡಿಎನ್‌ಎಸ್ ಸರ್ವರುಗಳು, ತಾವೇ ಸರಿಯಿಲ್ಲ ಅಂದುಕೊಂಡು, ನೆಟ್‌ವರ್ಕುಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಬಿಜಿಪಿಯಲ್ಲಿ ಮಾಡಿದ್ದ, ತಮ್ಮ ಕಡೆಗೆ ಬರುವ ದಾರಿಯ ಘೋಷಣೆಯನ್ನು ಹಿಂದಕ್ಕೆ ತೆಗೆದುಕೊಂಡವು. ಸರ್ವರ್ ಓಡುತ್ತಲೇ ಇತ್ತು. ಅದನ್ನು ಮುಟ್ಟುವ ದಾರಿ ಜಗತ್ತಿಗೆ ಮರೆತುಹೋಗಿತ್ತು. ಅವತ್ತು ನಮ್ಮ ಹೆಲ್ಪ್‌ಡೆಸ್ಕಿಗೆ ಬಂದ ಕರೆಗಳಲ್ಲಿ ಮುಕ್ಕಾಲು ಪಾಲು ಹೇಳಿದ್ದು ಇದೇ ಎರಡು ಪದ, ‘ನೆಟ್ ಇಲ್ಲ’.

400 ಗಜ ದೂರ

ಮೌನವನ್ನು ತಪ್ಪಾಗಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ಇಂಟರ್ನೆಟ್ಟಿನ ಚರಿತ್ರೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ನಮ್ಮ ಕ್ಲಾಸಿನಲ್ಲಿ ಇದು ‘ಕಂಜೆಷನ್ ಕಂಟ್ರೋಲ್’, ಅಂದರೆ ದಟ್ಟಣೆ ನಿಯಂತ್ರಣ, ಎಂಬ ತಲೆಬರಹದ ಕೆಳಗೆ ಒಂದು ಗರಗಸದಂಥ ಗ್ರಾಫ್ ಆಗಿ ಬಂದು ಹೋಯಿತು. ಅದರ ಹಿಂದಿನ ಕತೆ ಗೊತ್ತಿದ್ದಿದ್ದರೆ ಆ ಗ್ರಾಫನ್ನು ಉರು ಹೊಡೆಯಬೇಕಾಗಿ ಬರುತ್ತಿರಲಿಲ್ಲ.

1986ರ ಅಕ್ಟೋಬರ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬಿಗೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ. ಆ ದಾರಿಯಲ್ಲಿ ಸೆಕೆಂಡಿಗೆ 32 ಕಿಲೋಬಿಟ್ ಹೋಗುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ ಸೆಕೆಂಡಿಗೆ 40 ಬಿಟ್‌ಗೆ ಇಳಿಯಿತು. 40 ಬಿಟ್ ಅಂದರೆ ಐದು ಬೈಟ್. ಸೆಕೆಂಡಿಗೆ ಐದು ಇಂಗ್ಲಿಷ್ ಅಕ್ಷರ. ಇವತ್ತಿನ ಯುಟಿಎಫ್-8 ಲೆಕ್ಕದಲ್ಲಿ ಒಂದು ಕನ್ನಡ ಅಕ್ಷರಕ್ಕೆ ಕಡಿಮೆಯೆಂದರೂ ಮೂರು ಬೈಟ್ ಬೇಕು, ಹಾಗಾಗಿ ಸೆಕೆಂಡಿಗೆ ಎರಡು ಕನ್ನಡ ಅಕ್ಷರವೂ ಪೂರ್ತಿ ದಾಟುತ್ತಿರಲಿಲ್ಲ. ಚೀಟಿ ಬರೆದು ಕೈಯಲ್ಲಿ ಹಿಡಿದು ನಡೆದುಕೊಂಡು ಹೋಗಿದ್ದರೆ ಬೇಗ ಮುಟ್ಟುತ್ತಿತ್ತು.

ಯಾವ ಕೇಬಲೂ ತುಂಡಾಗಿರಲಿಲ್ಲ. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಆದದ್ದು ಇಷ್ಟು. ದಾರಿಯಲ್ಲಿ ಗುಂಪು ಹೆಚ್ಚಾಗಿ ಪ್ಯಾಕೆಟುಗಳು ತಡವಾದವು. ಕಳಿಸಿದ ಕಂಪ್ಯೂಟರ್ ಕಾದು ನೋಡಿ, ಉತ್ತರ ಬಂದಿಲ್ಲ ಅಂದರೆ ಕಳೆದೇ ಹೋಗಿದೆ ಅಂತ ತಿಳಿದು ಮತ್ತೆ ಕಳಿಸಿತು. ಎಲ್ಲ ಕಂಪ್ಯೂಟರುಗಳೂ ಹಾಗೇ ಮಾಡಿದವು. ಗುಂಪು ಇನ್ನೂ ಜಾಸ್ತಿಯಾಯಿತು. ಇನ್ನೂ ತಡವಾಯಿತು. ಮತ್ತೆ ಕಳಿಸಿದವು. ದಾರಿ ತುಂಬ ಹೋಗುತ್ತಿದ್ದದ್ದು ಬಹುಪಾಲು ಒಂದೇ ಪ್ಯಾಕೆಟಿನ ನಕಲುಗಳು. ಸುಮ್ಮನಿದ್ದದ್ದಕ್ಕೆ ‘ಕೇಳಿಸಿಲ್ಲ’ ಎಂಬ ಒಂದೇ ಅರ್ಥ ಹಚ್ಚಿದ್ದರಿಂದ ಇಷ್ಟಾಯಿತು. ‘ಸ್ವಲ್ಪ ತಾಳು, ಇಲ್ಲಿ ನೂಕುನುಗ್ಗಲು’ ಎಂಬ ಅರ್ಥವೂ ಅದಕ್ಕೆ ಇದೆ ಅಂತ ಟಿಸಿಪಿಗೆ ಆಗ ಗೊತ್ತಿರಲಿಲ್ಲ.

ಆ ಲ್ಯಾಬಿನ ವ್ಯಾನ್ ಜೇಕಬ್ಸನ್, ಬರ್ಕ್ಲಿ ವಿಶ್ವವಿದ್ಯಾಲಯದ ಮೈಕೆಲ್ ಕ್ಯಾರೆಲ್ಸ್ ಜೊತೆ ಸೇರಿ ಇದನ್ನು ಬಿಡಿಸಿದರು. 1988ರಲ್ಲಿ ಪ್ರಕಟವಾದ ಅವರ ಪರಿಹಾರದಲ್ಲಿ ಕೇಬಲ್ ಬದಲಿಸುವ ಮಾತಿಲ್ಲ, ಟಿಸಿಪಿ ನಡೆದುಕೊಳ್ಳುವ ರೀತಿ ಬದಲಾಯಿತು. ಶುರುವಿನಲ್ಲಿ ಸ್ವಲ್ಪವೇ ಕಳಿಸು, ಉತ್ತರ ಬಂದಷ್ಟೂ ಹೆಚ್ಚು ಮಾಡು. ಉತ್ತರ ಬರದಿದ್ದರೆ ನುಗ್ಗಲಿದೆ ಅಂತ ತಿಳಿದು ಕಡಿಮೆ ಮಾಡು. ಮತ್ತೆ ಕಳಿಸುವುದಿದ್ದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಕಾದು ಕಳಿಸು. ನಮ್ಮ ನೋಟ್ಸಿನ ಗರಗಸದ ಹಲ್ಲುಗಳು ಇವೇ. ಏರುವುದು ಧೈರ್ಯ, ಇಳಿಯುವುದು ಸಂಯಮ. ಟ್ರೇಸ್‌ರೂಟ್ ಬರೆದವರೂ ಇದೇ ಜೇಕಬ್ಸನ್. ಇವತ್ತು ಜಗತ್ತಿನ ಕೋಟ್ಯಂತರ ಫೋನುಗಳು ಒಂದನ್ನೊಂದು ನೋಡದೆ, ಯಾರ ಅಪ್ಪಣೆಯೂ ಇಲ್ಲದೆ, ಬರೀ ಬಾರದ ಉತ್ತರವನ್ನು ಓದಿ ದಾರಿ ಬಿಟ್ಟುಕೊಡುತ್ತಿವೆ. ನನಗೆ ಇದನ್ನು ನೆನೆದಾಗೆಲ್ಲ ಇಂಥ ಕೆಲಸದಲ್ಲಿ ಇದ್ದೇನಲ್ಲ ಅಂತ ಸಂತೋಷವಾಗುತ್ತದೆ.

ಮುಂದೆ ವೈರ್‌ಲೆಸ್ ಬಂದಾಗ ಇದೇ ಓದು ಸ್ವಲ್ಪ ಎಡವಿತು. ಗಾಳಿಯಲ್ಲಿ ಸಿಗ್ನಲ್ ಕೆಟ್ಟು ಪ್ಯಾಕೆಟ್ ಕಳೆದರೂ ಟಿಸಿಪಿ ಅದನ್ನು ನುಗ್ಗಲು ಅಂತಲೇ ತಿಳಿದು ಸುಮ್ನೆ ನಿಧಾನ ಮಾಡುತ್ತಿತ್ತು. ಅದಕ್ಕೆ ಬೇರೆ ಉಪಾಯಗಳು ಬಂದವು. ಆ ಕತೆ ಇನ್ನೊಮ್ಮೆ.

‘ಇದೆ’ ಕೂಡ ಒಂದೇ ಥರ ಅಲ್ಲ

‘ಇಲ್ಲ’ದ ಬಗ್ಗೆ ಇಷ್ಟು ಹೇಳಿ ‘ಇದೆ’ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅದೇ ಲ್ಯಾಬಿನಲ್ಲಿ ಕೇಬಲ್ ಮಾಡುವುದನ್ನು ಕಲಿತೆವು. ಇದು ಸಿಲಬಸ್‌ನಲ್ಲಿ ಇರಲಿಲ್ಲ. ಹೊಸ ಕಂಪ್ಯೂಟರುಗಳು ಬಂದಿದ್ದವು, ಸರ್‌ಗೆ ಕೈ ಬೇಕಿತ್ತು, ನಾವು ನಾಲ್ಕು ಜನ ಉಳಿದೆವು.

ಹೊರಗಿನ ಸಿಪ್ಪೆ ಸೀಳಿದರೆ ಒಳಗೆ ಎಂಟು ತಂತಿ. ಎರಡೆರಡು ಒಂದಕ್ಕೊಂದು ಸುತ್ತಿಕೊಂಡು ನಾಲ್ಕು ಜೋಡಿ. ಸುತ್ತು ಬಿಚ್ಚಿ, ಬೆರಳಲ್ಲಿ ತೀಡಿ ನೇರ ಮಾಡಿ, ಬಣ್ಣದ ಸಾಲಿನಲ್ಲಿ ಜೋಡಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟನ್ನೂ ಹೆಬ್ಬೆರಳು ತೋರುಬೆರಳ ನಡುವೆ ಚಪ್ಪಟೆಯಾಗಿ ಹಿಡಿದು, ತುದಿ ಸಮನಾಗಿ ಕತ್ತರಿಸಿ, ಕನೆಕ್ಟರಿನ ಒಳಗೆ ತಳ್ಳಿ, ಕ್ರಿಂಪಿಂಗ್ ಟೂಲಿನಲ್ಲಿ ಅದುಮಬೇಕು. ಸರಿಯಾಗಿ ಕೂತರೆ ಕಟ್ ಅಂತ ಒಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ಈಗಲೂ ನನ್ನ ಅಂಗೈಗೆ ನೆನಪಿದೆ.

ನಮ್ಮಲ್ಲಿ ಒಬ್ಬಳಿಗೆ ಆ ಸಾಲು ವಿಚಿತ್ರ ಅನ್ನಿಸಿತು. ಹಸಿರಿನ ಜೋಡಿಯನ್ನು ಯಾಕೆ ಬೇರೆ ಮಾಡಿ, ನಡುವೆ ನೀಲಿಯನ್ನು ತೂರಿಸಬೇಕು? ಒಂದು ತುದಿಯಲ್ಲಿ ಹೇಗಿದೆಯೋ ಇನ್ನೊಂದು ತುದಿಯಲ್ಲೂ ಹಾಗೇ ಇದ್ದರೆ ಸಾಕಲ್ವಾ? ಕೇಳಲು ಸರಿಯಾಗಿಯೇ ಇತ್ತು. ಅವಳು ಜೋಡಿ ಜೋಡಿಯಾಗಿ, ಎರಡೂ ತುದಿಯಲ್ಲಿ ಒಂದೇ ಥರ ಕೂರಿಸಿದಳು. ಟೆಸ್ಟರಿಗೆ ಹಾಕಿದೆವು. ಒಂದರಿಂದ ಎಂಟರವರೆಗೆ ಎಲ್ಲ ದೀಪವೂ ಸಾಲಾಗಿ ಹತ್ತಿತು. ಲ್ಯಾಬಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಆ ಉದ್ದದ ಕೇಬಲ್ ಎಳೆದು ಹಾಕಿದೆವು. ಲಿಂಕ್ ದೀಪವೂ ಬಂತು. ಪಿಂಗ್ ಹೋಯಿತು. ಆದರೆ ದೊಡ್ಡ ಫೈಲ್ ಕಾಪಿ ಮಾಡಲು ಹೊರಟರೆ ಆಮೆಯಂತೆ ತೆವಳುತ್ತಿತ್ತು.

ಸರ್ ಬಂದು ಕನೆಕ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಟೆಸ್ಟರ್ ಬೇಕಾಗಲಿಲ್ಲ. ಮೂರನೆಯ ಮತ್ತು ಆರನೆಯ ಪಿನ್ನಿನಲ್ಲಿ ಹೋಗುವುದು ಒಂದೇ ಮಾತಿನ ಎರಡು ಅರ್ಧ. ಒಂದರಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಅವೆರಡೂ ಒಂದಕ್ಕೊಂದು ಸುತ್ತಿಕೊಂಡಿದ್ದರೆ ಹೊರಗಿನ ಗದ್ದಲ ಎರಡಕ್ಕೂ ಒಂದೇ ಅಳತೆಯಲ್ಲಿ ತಗುಲುತ್ತದೆ, ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತದೆ. ನಾವು ಮೂರನೆಯದನ್ನು ಒಂದು ಜೋಡಿಗೆ, ಆರನೆಯದನ್ನು ಇನ್ನೊಂದು ಜೋಡಿಗೆ ಕೊಟ್ಟಿದ್ದೆವು. ಈಗ ಪಕ್ಕದ ತಂತಿಯ ಮಾತು ಇದರೊಳಗೆ ಸೋರುತ್ತಿತ್ತು. ಫ್ರೇಮುಗಳು ಕೆಡುತ್ತಿದ್ದವು. ಕೆಟ್ಟದ್ದನ್ನು ಎಸೆದು ಮತ್ತೆ ಕಳಿಸಿ, ಮತ್ತೆ ಎಸೆದು, ಹೀಗೆ ಫೈಲ್ ತೆವಳುತ್ತಿತ್ತು. ಪಿಂಗಿನ ಪ್ಯಾಕೆಟ್ ಚಿಕ್ಕದು, ಕೆಲವೇ ಕೆಲವು, ಅವು ಹೇಗೋ ನುಸುಳಿಕೊಂಡು ಹೋಗುತ್ತಿದ್ದವು.

ಟೆಸ್ಟರ್ ಸುಳ್ಳು ಹೇಳಿರಲಿಲ್ಲ. ತಂತಿ ಈ ತುದಿಯಿಂದ ಆ ತುದಿಗೆ ತಾಗಿದೆಯಾ ಅಂತ ನಾವು ಕೇಳಿದ್ದೆವು. ತಾಗಿದೆ ಅಂತ ಅದು ಹೇಳಿತು. ನಮಗೆ ಬೇಕಾದ ಪ್ರಶ್ನೆ ಅದಾಗಿರಲಿಲ್ಲ. ಆ ಹುಡುಗಿಯ ಅನುಮಾನದ ಬಗ್ಗೆ ಮಾತ್ರ ನನಗೆ ಈಗಲೂ ಗೌರವವಿದೆ. ನಾವು ಮೂವರೂ ಬಣ್ಣದ ಸಾಲನ್ನು ಯಾಕೆ ಅಂತ ಕೇಳದೆ ಒಪ್ಪಿಕೊಂಡಿದ್ದೆವು. ಅವಳು ಕೇಳಿದ್ದರಿಂದ ನಾಲ್ವರಿಗೂ ಉತ್ತರ ಸಿಕ್ಕಿತು.

ಪ್ಯಾಕೆಟ್ ಟ್ರೇಸರಿನಂಥ ಸಿಮ್ಯುಲೇಟರುಗಳಲ್ಲಿ ಹತ್ತು ರೂಟರ್ ಜೋಡಿಸಿ ಆಡಬಹುದು, ತುಂಬಾ ಒಳ್ಳೆಯದೇ. ಆದರೆ ಅಲ್ಲಿನ ಕೇಬಲಿಗೆ ಹಸಿರು ಜೋಡಿ ತಪ್ಪಿಹೋಗುವುದಿಲ್ಲ. ಸಾಧ್ಯವಾದರೆ ಒಂದು ಸಲವಾದರೂ ಕೈಯಿಂದ ಕೇಬಲ್ ಮಾಡಿ, ಅಂತ ನಾನು ಕಂಡ ಮಕ್ಕಳಿಗೆಲ್ಲ ಹೇಳುತ್ತಿರುತ್ತೇನೆ.

ರಾತ್ರಿ ಪಾಳಿ

ಕೆಲಸಕ್ಕೆ ಸೇರಿದ ಮೊದಲ ವರ್ಷ ರಾತ್ರಿ ಪಾಳಿಯಲ್ಲಿ ಒಂದು ಟಿಕೆಟ್ ಬಂತು. ಬೇರೆ ಊರಿನ ಆಫೀಸಿನಿಂದ ಒಂದು ಸರ್ವರ್ ಸಿಗುತ್ತಿಲ್ಲ. ಪಕ್ಕದ ಕಂಪ್ಯೂಟರುಗಳಿಂದ ಸಿಗುತ್ತಿದೆ. ನಾನು ನಡುವಿನ ರೂಟರ್ ರೀಸ್ಟಾರ್ಟ್ ಮಾಡಿದೆ. ಸರಿಹೋಗಲಿಲ್ಲ. ಜೊತೆಗೆ, ಆ ರೂಟರಿನ ನೆನಪಿನಲ್ಲಿದ್ದ ಎಆರ್‌ಪಿ ಪಟ್ಟಿ, ಎರರ್ ಎಣಿಕೆ, ಲಾಗ್ ಎಲ್ಲ ಅಳಿಸಿಹೋಯಿತು. ಬೆಳಗ್ಗೆ ಬಂದ ಹಿರಿಯರು ಗದರಲಿಲ್ಲ. ‘ಸರ್ವರ್ ಹತ್ತಿರ ಪ್ಯಾಕೆಟ್ ಬರ್ತಿದೆಯಾ ನೋಡಿದ್ಯಾ?’ ಅಂತ ಮಾತ್ರ ಕೇಳಿದರು. ನೋಡಿರಲಿಲ್ಲ. ಅಲ್ಲಿ ಬರುವ ಹೋಗುವ ಪ್ಯಾಕೆಟುಗಳನ್ನು ಹಿಡಿದು ತೋರಿಸುವ ಕ್ಯಾಪ್ಚರ್ ಹಾಕಿದಾಗ ಸಿನ್‌ಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಒಂದೂ ಉತ್ತರ ಹೊರಡುತ್ತಿರಲಿಲ್ಲ. ಆ ಸರ್ವರಿಗೆ ಡಿಫಾಲ್ಟ್ ಗೇಟ್‌ವೇ, ಅಂದರೆ ಹೊರಗಿನವರಿಗೆ ಕಳಿಸುವುದನ್ನೆಲ್ಲ ಕೊಡಬೇಕಾದ ರೂಟರಿನ ವಿಳಾಸ, ಹಾಕಿಯೇ ಇರಲಿಲ್ಲ. ತನ್ನ ನೆಟ್‌ವರ್ಕಿನವರಿಗೆ ಉತ್ತರ ಕೊಡುತ್ತಿತ್ತು. ದೂರದವರ ಮಾತು ಕೇಳಿಸುತ್ತಿತ್ತು, ಉತ್ತರ ಯಾವ ಕಡೆ ಕಳಿಸಬೇಕು ಅಂತ ಅದಕ್ಕೆ ತಿಳಿದಿರಲಿಲ್ಲ. ಕಾಲೇಜಿನ ಆ ಚಿತ್ರದ ಬಲ ಅರ್ಧ ಅವತ್ತು ತೆರೆಯಿತು.

ಅಲ್ಲಿಂದ ರೀಸ್ಟಾರ್ಟ್ ಮಾಡುವ ಮುಂಚೆ ಏನು ಕಂಡೆ ಅಂತ ಬರೆದಿಡುತ್ತೇನೆ. ಟಿಕೆಟಿನಲ್ಲಿ ಎರಡು ಭಾಗ. ನನಗೆ ಕಂಡದ್ದು ಬೇರೆ, ನನ್ನ ಊಹೆ ಬೇರೆ. ಮುಂದಿನ ಪಾಳಿಯವರು ನನ್ನ ಊಹೆಯನ್ನು ಕಂಡದ್ದು ಅಂತ ನಂಬಿ ಕೂರಬಾರದಲ್ಲ.

ಅಕ್ಕನ ಮಗಳಿಗೆ ಇದನ್ನೆಲ್ಲ ಒಂದೇ ಸಲ ಹೇಳಲಿಲ್ಲ. ಅವಳು ಸರ್ಟಿಫಿಕೇಟ್ ಬಗ್ಗೆ ಕೇಳಿದಳು, ಸಿಸ್ಕೋ ಕಂಪನಿಯ ಸಿಸಿಎನ್‌ಎ ಮಾಡಲಾ ಅಂತ. ಮಾಡು ಅಂದೆ, ಸಿಲಬಸ್ ಗಟ್ಟಿಯಾಗಿದೆ. ಈಗ ಎಲ್ಲ ಕ್ಲೌಡ್ ಅಲ್ವಾ, ಇದೆಲ್ಲ ಬೇಕಾ ಅಂತಲೂ ಕೇಳಿದಳು. ಕ್ಲೌಡಿನಲ್ಲೂ ಸಬ್‌ನೆಟ್ ಇದೆ, ರೂಟ್ ಟೇಬಲ್ ಇದೆ, ಸುಮ್ಮನೆ ಪ್ಯಾಕೆಟ್ ಬಿಸಾಕುವ ಫೈರ್‌ವಾಲ್ ಇದೆ, ಕಣ್ಣಿಗೆ ಕೇಬಲ್ ಕಾಣುವುದಿಲ್ಲ ಅಷ್ಟೇ ಅಂದೆ. ನೆಟ್‌ವರ್ಕಿನ ಕೆಲಸವನ್ನು ಕೇಬಲಿನಿಂದ ಆ್ಯಪ್‌ವರೆಗೆ ಏಳು ಹಂತವಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಲೇಯರ್ ಬಗ್ಗೆ ಮಾತ್ರ ಸ್ವಲ್ಪ ಹೊತ್ತು ಮಾತಾಡಿದೆವು. ಆ ಮಾದರಿ ಐಎಸ್ಒ ಮಾನದಂಡವಾಗಿ ಬಂದದ್ದು 1984ರಲ್ಲಿ. ಅದಕ್ಕೂ ಮುಂಚೆ, 1983ರ ಜನವರಿ 1ರಂದೇ, ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಗಿತ್ತು. ಹಾಗಾಗಿ ನಿಜವಾದ ಇಂಟರ್ನೆಟ್ ಆ ಏಳು ಮನೆಗಳಲ್ಲಿ ನೀಟಾಗಿ ಕೂರುವುದಿಲ್ಲ. ಆದರೂ ಕೆಳಗಿನಿಂದ ಮೇಲಕ್ಕೆ ಪ್ರಶ್ನೆ ಕೇಳುತ್ತಾ ಹೋಗಲು ಅದಕ್ಕಿಂತ ಒಳ್ಳೆಯ ಏಣಿ ನನಗೆ ಸಿಕ್ಕಿಲ್ಲ. ದೀಪ ಉರಿಯುತ್ತಿದೆಯಾ? ವಿಳಾಸ ಬಂದಿದೆಯಾ, ಅಥವಾ 169.254ರಿಂದ ಶುರುವಾಗುವ, ತಾನೇ ಇಟ್ಟುಕೊಂಡ ವಿಳಾಸವಾ? ಗೇಟ್‌ವೇ ಉತ್ತರ ಕೊಡುತ್ತಾ? ಹೆಸರು ಸಿಗುತ್ತಾ? ಇಂಟರ್‌ವ್ಯೂನಲ್ಲಿ ಅವರು ಕೇಳಿದ ಪ್ರಶ್ನೆಗೆ ಉತ್ತರ ಅವಳ ಬಾಯಲ್ಲೇ ಇತ್ತು, ಏಳು ಹೆಸರುಗಳಾಗಿ.

ಕೊನೆಗೆ ಒಂದು ಕೆಲಸ ಕೊಟ್ಟೆ. ಎರಡು ಲ್ಯಾಪ್‌ಟಾಪ್ ಇಟ್ಟುಕೋ. ಹೋಗುವ ಬರುವ ಪ್ಯಾಕೆಟುಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆ. ಮೊದಲು ಸರ್ವರ್ ನಿಲ್ಲಿಸಿ ಕನೆಕ್ಟ್ ಮಾಡು. ಆಮೇಲೆ ಸರ್ವರ್ ಓಡಿಸಿ, ಫೈರ್‌ವಾಲಿನಲ್ಲಿ ಆ ಪೋರ್ಟ್ ಮುಚ್ಚಿ ಕನೆಕ್ಟ್ ಮಾಡು. ಎರಡರಲ್ಲೂ ಏನು ಕಂಡಿತು ಅಂತ ಬರಿ, ಯಾಕೆ ಅಂತ ಬರೆಯಬೇಡ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು. ಮೊದಲನೆಯದರ ಕೆಳಗೆ ಬರೆದಿದ್ದಳು: ‘ಸಿನ್ ಹೋಯ್ತು. ಅದರ ಹಿಂದೆಯೇ ಕೆಂಪು ಸಾಲಿನಲ್ಲಿ ರೀಸೆಟ್ ಬಂತು.’ ಎರಡನೆಯದರ ಕೆಳಗೆ: ‘ಸಿನ್ ಹೋಯ್ತು. ಏನೂ ಬರಲಿಲ್ಲ. ಒಂದು ಸೆಕೆಂಡ್ ಬಿಟ್ಟು ಮತ್ತೆ ಅದೇ ಸಿನ್. ಆಮೇಲೆ ಎರಡು ಸೆಕೆಂಡ್ ಬಿಟ್ಟು. ಆಮೇಲೆ ನಾಲ್ಕು.’ ಹತ್ತು ನಿಮಿಷದ ನಂತರ ಇನ್ನೊಂದು ಮೆಸೇಜ್: ‘ಮಾಮ, ಮಲಗಿದ್ಯಾ? ಪ್ರತಿ ಸಲ ದುಪ್ಪಟ್ಟು ಕಾಯ್ತಾ ಇದೆ. ಇದಕ್ಕೆ ಕಾಯೋಕೆ ಹೇಳಿಕೊಟ್ಟಿದ್ದು ಯಾರು?’